ಮೋಟರ್‌ಹೋಮ್‌ಗೆ ಹಾಕಿದ ಮಿನಿ ಸ್ಪ್ಲಿಟ್ ಕೈಕೊಟ್ಟಾಗ: ಗ್ಯಾಸ್‌ಗೆ ಕೈ ಹಾಕುವ ಮೊದಲು ಏನೇನು ನೋಡಬೇಕು

ಮೋಟರ್‌ಹೋಮ್, ಅಂದರೆ ಒಳಗೇ ವಾಸ ಮಾಡುವ ಗಾಡಿಯ ಚಾವಣಿ ಎಸಿ ತೆಗೆದು ಮಿನಿ ಸ್ಪ್ಲಿಟ್ (ಒಳಗೊಂದು, ಹೊರಗೊಂದು ಯೂನಿಟ್ ಇರುವ ಎಸಿ) ಹಾಕಿಸಿದವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಹೋದ ವಾರ ಚೆನ್ನಾಗಿತ್ತು, ಈಗ ನಡೀತಿಲ್ಲ. ಗ್ಯಾಸ್ ಹೋಗಿದ್ಯಾ?" ಬಹಳ ಸಲ ಗ್ಯಾಸ್ ಹೋಗಿರುವುದಿಲ್ಲ. ಈ ಯಂತ್ರ ಮನೆಗೆಂದು ಮಾಡಿದ್ದು. ಮನೆ ಅಲುಗುವುದಿಲ್ಲ, ವಾಲುವುದಿಲ್ಲ. ಮನೆಗೆ ಬರುವ ಕರೆಂಟ್ ದಿನಕ್ಕೊಂದು ಥರ ಇರುವುದಿಲ್ಲ. ಮೋಟರ್‌ಹೋಮ್‌ನಲ್ಲಿ ಈ ಮೂರೂ ತೊಂದರೆ ಇವೆ. ಹಾಗಾಗಿ ಮೊದಲು ಗಾಡಿಯನ್ನು ಪರೀಕ್ಷೆ ಮಾಡಿ, ಆಮೇಲೆ ಎಸಿಯನ್ನು.

ನಾವಿರುವುದು ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಬಿಸಿಲಿತ್ತು. ಸೆಲ್ಸಿಯಸ್ ಲೆಕ್ಕದಲ್ಲಿ 43ರ ಮೇಲೆ. ನಮ್ಮ 34 ಅಡಿಯ ಗಾಡಿಯ ಎರಡು ಚಾವಣಿ ಎಸಿಗಳಲ್ಲಿ ಒಂದು ಆ ಬೇಸಿಗೆಯಲ್ಲೇ ಕೆಟ್ಟಿತು. ಎರಡನ್ನೂ ತೆಗೆದು ಹಾಲ್‌ಗೆ 12,000 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ), ಮಲಗುವ ಕೋಣೆಗೆ 9,000 ಬಿಟಿಯು ಮಿನಿ ಸ್ಪ್ಲಿಟ್ ಹಾಕಿದೆವು. ಒಂದರ ಹೊರ ಯೂನಿಟ್ ಗಾಡಿಯ ಹಿಂಭಾಗದ ಚೌಕಟ್ಟಿನ ಮೇಲಿದೆ. ಇನ್ನೊಂದು ಪಕ್ಕದ ಸಾಮಾನಿನ ಗೂಡಿನೊಳಗಿದೆ. ಕೆಳಗೆ ಬರೆದ ದೋಷಗಳಲ್ಲಿ ಹೆಚ್ಚಿನವು ನಮಗೇ ಆದವು.

ಮೊದಲು ಒಂದು ಎಚ್ಚರಿಕೆ. ಹೊರ ಯೂನಿಟ್‌ನ ಬೋರ್ಡಿನಲ್ಲಿರುವ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಕರೆಂಟ್ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ಬ್ರೇಕರ್ ಆಫ್ ಮಾಡಿ, ಗಾಡಿಯ ಪ್ಲಗ್ ಕಿತ್ತು, ಇನ್ವರ್ಟರ್ ಮತ್ತು ಜನರೇಟರ್ ನಿಲ್ಲಿಸಿ, ಹತ್ತು ನಿಮಿಷ ಕಾಯಿರಿ. ಕರೆಂಟ್ ಇರುವಾಗ ಅಳೆಯಬೇಕಾದ ಜಾಗಗಳೂ ಇವೆ. ಅದು ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ.

ಒಂದು ಊರಲ್ಲಿ ನಡೆಯುತ್ತದೆ, ಇನ್ನೊಂದು ಊರಲ್ಲಿ ಉಸಿರೇ ಇಲ್ಲ

ನಮಗೆ ಮೊದಲು ಬಂದ ದೋಷ ಇದು. ಹಾಲ್‌ಗೆ ಮೊದಲು ತಂದದ್ದು 230 ವೋಲ್ಟ್‌ನ ಯೂನಿಟ್. ಫೀನಿಕ್ಸ್‌ನ 50 ಆಂಪ್ ಕರೆಂಟ್ ಕೊಡುವ ಕ್ಯಾಂಪ್‌ಗ್ರೌಂಡ್‌ನಲ್ಲಿ (ಇಂಥ ಗಾಡಿಗಳು ತಂಗುವ ಜಾಗ) ಎರಡು ವಾರ ಚೆನ್ನಾಗಿ ಓಡಿತು. ಫ್ಲಾಗ್‌ಸ್ಟಾಫ್‌ಗೆ ಹೋದೆವು. ಅಲ್ಲಿ ಸಿಕ್ಕಿದ್ದು 30 ಆಂಪ್ ಜಾಗ. ದೀಪ, ಫ್ರಿಜ್, ಮೈಕ್ರೋವೇವ್ ಎಲ್ಲ ಸರಿ. ಎಸಿ ಮಾತ್ರ ಸತ್ತಂತೆ ಬಿದ್ದಿತ್ತು. ರಿಮೋಟ್ ಒತ್ತಿದರೆ ಒಂದು ಬೀಪ್ ಕೂಡ ಇಲ್ಲ.

ದಾವಣಗೆರೆಯಲ್ಲಿ ನಮ್ಮ ಸೋದರಮಾವ ಬಹಳ ವರ್ಷ ಫ್ರಿಜ್, ಎಸಿ ರಿಪೇರಿ ಮಾಡಿದವರು. ವಿಡಿಯೋ ಕಾಲ್ ಮಾಡಿ, "ಮಾವ, ಗ್ಯಾಸ್ ಒತ್ತಡದ ಗೇಜ್ ಹಾಕಿ ನೋಡ್ಲಾ?" ಅಂದೆ. "ಗೇಜ್ ಆಮೇಲಪ್ಪ. ಮೊದ್ಲು ಮೀಟರ್ ತಗೊ. ಎಸಿ ಬಾಯಿಗೆ ಎಷ್ಟು ವೋಲ್ಟ್ ಬರ್ತಿದೆ ಹೇಳು" ಅಂದರು. ಎಸಿಗೆ ಕರೆಂಟ್ ಸೇರುವ ಜಾಗದಲ್ಲಿ ಮೀಟರ್ ಹಿಡಿದು ನೋಡಿದರೆ ಸೊನ್ನೆ.

ಕಾರಣ ಇಷ್ಟು. 50 ಆಂಪ್ ಜಾಗದಲ್ಲಿ ಎರಡು ಬಿಸಿ ತಂತಿ, ಅಂದರೆ ಕರೆಂಟ್ ತರುವ ಫೇಸ್ ತಂತಿ ಬರುತ್ತವೆ. ಒಂದೊಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್. ಎರಡು ಬಿಸಿ ತಂತಿಗಳ ನಡುವೆ 240. 30 ಆಂಪ್ ಜಾಗದಲ್ಲಿ ಬಿಸಿ ತಂತಿ ಒಂದೇ. 50ರ ಪ್ಲಗ್ಗನ್ನು ಅಲ್ಲಿಗೆ ಕೂರಿಸುವ ಅಡಾಪ್ಟರ್ ಆ ಒಂದೇ ತಂತಿಯನ್ನು ಗಾಡಿಯ ಎರಡೂ ಸಾಲಿಗೆ ಸೇರಿಸಿಬಿಡುತ್ತದೆ. ಆಗ ಎರಡೂ ಸಾಲಿನಲ್ಲಿ 120 ಇರುತ್ತದೆ, ಆದರೆ ಅವುಗಳ ನಡುವೆ ಏನೂ ಇರುವುದಿಲ್ಲ. 120ರಲ್ಲಿ ನಡೆಯುವ ದೀಪ, ಫ್ರಿಜ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 230 ವೋಲ್ಟ್‌ನ ಎಸಿಗೆ ಮಾತ್ರ ಊಟವೇ ಇಲ್ಲ.

ಗಾಡಿಯೊಳಗಿನ ಬಹಳಷ್ಟು ಪೆಟ್ರೋಲ್ ಜನರೇಟರ್‌ಗಳೂ ಹೀಗೇ. ಎರಡು ಬ್ರೇಕರ್ ಇದ್ದರೂ ಒಂದೇ ಫೇಸ್ ಕೊಡುತ್ತವೆ. ಆದ್ದರಿಂದ ಹೀಗೆ ಅಳೆಯಿರಿ: ಮೊದಲ ಬಿಸಿ ತಂತಿಯಿಂದ ನ್ಯೂಟ್ರಲ್‌ಗೆ, ಎರಡನೆಯದರಿಂದ ನ್ಯೂಟ್ರಲ್‌ಗೆ, ಕೊನೆಗೆ ಎರಡರ ನಡುವೆ. 120, 120, 240 ಬಂದರೆ ಸರಿ. 120, 120, 0 ಬಂದರೆ ನಿಮ್ಮ ಎಸಿ ಕೆಟ್ಟಿಲ್ಲ, ಆ ಜಾಗಕ್ಕೆ ಅದು ಹೊಂದುವುದಿಲ್ಲ, ಅಷ್ಟೇ. ಇದಕ್ಕೆ ರಿಪೇರಿ ಇಲ್ಲ. ನಾವು ಆ ಯೂನಿಟ್ ಮಾರಿ 115 ವೋಲ್ಟ್‌ನದು ತಂದೆವು. ಇನ್ನೂ ಕೊಂಡಿಲ್ಲದವರು ದಯವಿಟ್ಟು 115 ವೋಲ್ಟ್‌ನದನ್ನೇ ಕೊಳ್ಳಿ. ಅದು 50ರಲ್ಲೂ ನಡೆಯುತ್ತದೆ, 30ರಲ್ಲೂ ನಡೆಯುತ್ತದೆ, ಜನರೇಟರ್‌ನಲ್ಲೂ ನಡೆಯುತ್ತದೆ. ಚಾವಣಿ ಎಸಿಗೆ ಎಳೆದಿದ್ದ 20 ಆಂಪ್‌ನ ಲೈನ್ ಸಾಮಾನ್ಯವಾಗಿ ಸಾಕಾಗುತ್ತದೆ. ಯೂನಿಟ್‌ನ ಫಲಕದಲ್ಲಿ ಬರೆದ ಆಂಪ್ ನೋಡಿ ಖಚಿತ ಮಾಡಿಕೊಳ್ಳಿ.

ಮಧ್ಯಾಹ್ನ ನಿಲ್ಲುತ್ತದೆ, ರಾತ್ರಿ ತಾನೇ ಸರಿಯಾಗುತ್ತದೆ

ಇದಕ್ಕೆ ಎರಡು ಕಾರಣ ಇರಬಹುದು. ಒಂದು ಕಡಿಮೆ ವೋಲ್ಟೇಜ್, ಇನ್ನೊಂದು ಬಿಸಿಗಾಳಿ.

ಮಧ್ಯಾಹ್ನ ಕ್ಯಾಂಪ್‌ಗ್ರೌಂಡ್‌ನ ಎಲ್ಲ ಗಾಡಿಗಳೂ ಎಸಿ ಹಾಕಿರುತ್ತವೆ. ಸಾಲಿನ ಕೊನೆಯ ಕಂಬದಲ್ಲಿ (ಗಾಡಿಯ ಪ್ಲಗ್ ಹಾಕುವ ಕಂಬ) 120 ಇರಬೇಕಾದದ್ದು 105ಕ್ಕೆ ಇಳಿದಿರುತ್ತದೆ. 115 ವೋಲ್ಟ್ ಯೂನಿಟ್‌ಗಳು ಸಾಮಾನ್ಯವಾಗಿ ಶೇಕಡಾ 10ರಷ್ಟು ಏರಿಳಿತ ತಡೆಯುತ್ತವೆ. ಅಂದರೆ 103ರ ಆಸುಪಾಸಿನವರೆಗೆ. ಅದಕ್ಕಿಂತ ಕೆಳಗೆ ಹೋದರೆ ಬೋರ್ಡ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಅದು ದೋಷ ಅಲ್ಲ, ರಕ್ಷಣೆ. ಅಳೆಯುವಾಗ ಎಸಿ ಓಡುತ್ತಿರಬೇಕು. ನೀರು ಕಾಯಿಸುವ ಹೀಟರ್, ಮೈಕ್ರೋವೇವ್ ಕೂಡ ಹಾಕಿ. ಏನೂ ಓಡದಿರುವಾಗ ಮೀಟರ್ ಹಿಡಿದರೆ 121 ತೋರಿಸಿ ನಿಮ್ಮ ದಾರಿ ತಪ್ಪಿಸುತ್ತದೆ. ಕಂಬದಲ್ಲಿ 118, ಎಸಿಯ ಬಾಯಲ್ಲಿ 106 ಬಂದರೆ ನಷ್ಟ ನಿಮ್ಮ ಕೇಬಲ್‌ನಲ್ಲೇ ಇದೆ. ಪ್ಲಗ್‌ನ ಪಿನ್ ಕಪ್ಪಾಗಿದೆಯೇ, ಬಿಸಿಯಾಗಿದೆಯೇ ನೋಡಿ. ತೆಳ್ಳಗಿನ ಎಕ್ಸ್‌ಟೆನ್ಷನ್ ಕೇಬಲ್ ಇದ್ದರೆ ಕಿತ್ತುಹಾಕಿ.

ಬೆಟ್ಟದ ಮೇಲೆ ಜನರೇಟರ್‌ನಿಂದ ಓಡಿಸುತ್ತಿದ್ದರೆ ಇನ್ನೊಂದು ಲೆಕ್ಕ ಇದೆ. ಪ್ರತಿ 1,000 ಅಡಿ ಎತ್ತರಕ್ಕೆ ಪೆಟ್ರೋಲ್ ಜನರೇಟರ್‌ನ ಶಕ್ತಿ ಸುಮಾರು ಶೇಕಡಾ 3.5ರಷ್ಟು ಇಳಿಯುತ್ತದೆ. ಫ್ಲಾಗ್‌ಸ್ಟಾಫ್ 7,000 ಅಡಿಯ ಹತ್ತಿರ ಇದೆ. ಅಲ್ಲಿ ಕಾಲು ಭಾಗ ಶಕ್ತಿ ಹೋಗಿರುತ್ತದೆ.

ಇನ್ನು ಬಿಸಿಗಾಳಿ. ಸಾಮಾನಿನ ಗೂಡಿನೊಳಗೆ ಹೊರ ಯೂನಿಟ್ ಇಟ್ಟವರೆಲ್ಲ ಇದನ್ನು ಓದಲೇಬೇಕು. ಹೊರ ಯೂನಿಟ್ ಹಿಂದಿನಿಂದ ಗಾಳಿ ಎಳೆದು ಮುಂದಿನಿಂದ ಬಿಸಿಗಾಳಿ ಬಿಡುತ್ತದೆ. ಗೂಡಿನಲ್ಲಿ ಎರಡಕ್ಕೂ ನಡುವೆ ಅಡ್ಡಗೋಡೆ ಇಲ್ಲದಿದ್ದರೆ ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಒತ್ತಡ ಏರುತ್ತದೆ. ಕಂಪ್ರೆಸರ್ ಮೊದಲು ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಹಲವು ಯೂನಿಟ್‌ಗಳು 46ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗಿನ ಗಾಳಿಯಲ್ಲಿ ಮಾತ್ರ ತಂಪು ಮಾಡುತ್ತವೆ. ಹೊರಗೆ 43 ಇದ್ದರೆ ಗೂಡಿನೊಳಗೆ ಆ ಮಿತಿ ದಾಟಲು ಎಷ್ಟು ಹೊತ್ತು ಬೇಕು?

ಪರೀಕ್ಷೆ ಸುಲಭ. ಒಂದು ಥರ್ಮಾಮೀಟರ್ ಗಾಡಿಯ ನೆರಳಲ್ಲಿ ತೂಗುಹಾಕಿ. ಇನ್ನೊಂದನ್ನು ಹೊರ ಯೂನಿಟ್ ಗಾಳಿ ಎಳೆಯುವ ಕಡೆ ಇಡಿ. ಅರ್ಧ ಗಂಟೆ ಓಡಿಸಿ. ಎರಡರ ನಡುವೆ ಒಂದೆರಡು ಡಿಗ್ರಿ ಇದ್ದರೆ ಪರವಾಗಿಲ್ಲ. ನಮ್ಮಲ್ಲಿ 9 ಡಿಗ್ರಿ ವ್ಯತ್ಯಾಸ ಬಂತು. ಗೂಡಿನ ಬಾಗಿಲಿಗೆ ಜಾಲರಿ ಕೂರಿಸಿದ್ದೆವು, ಆದರೆ ಅಡ್ಡಗೋಡೆ ಇರಲಿಲ್ಲ. ತಗಡಿನ ಅಡ್ಡಗೋಡೆ ಹಾಕಿ, ಗಾಳಿ ಎಳೆಯಲು ನೆಲದಲ್ಲಿ ಬೇರೆ ಕಿಂಡಿ ಕೊಯ್ದ ಮೇಲೆ ವ್ಯತ್ಯಾಸ 2ಕ್ಕೆ ಇಳಿಯಿತು. ಮಧ್ಯಾಹ್ನದ ನಿಲುಗಡೆ ಅಲ್ಲಿಗೇ ಮುಗಿಯಿತು. ಒಂದು ಹನಿ ಗ್ಯಾಸ್ ಹಾಕಲಿಲ್ಲ.

ಹಿಂಭಾಗದಲ್ಲಿ ಯೂನಿಟ್ ಇಟ್ಟವರಿಗೆ ಧೂಳು ದೊಡ್ಡ ಶತ್ರು. ಹಿಂದಿನ ಚಕ್ರ ಎಬ್ಬಿಸುವ ಧೂಳೆಲ್ಲ ಯೂನಿಟ್ ಹಿಂಬದಿಯ ತೆಳು ತಗಡಿನ ರೆಕ್ಕೆಗಳ ನಡುವೆ ಕೂರುತ್ತದೆ. ಮಣ್ಣು ರಸ್ತೆಯ ಪ್ರಯಾಣ ಆದಮೇಲೆ ಪೈಪಿನ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆ ಮಡಚುತ್ತವೆ. ಪ್ರಯಾಣದಲ್ಲಿ ಫ್ಯಾನ್ ಗಾಳಿಗೆ ಸುಮ್ನೆ ತಿರುಗಬಾರದೆಂದು ಹಲವರು ಹೊದಿಕೆ ಕಟ್ಟುತ್ತಾರೆ. ಒಳ್ಳೆಯ ಅಭ್ಯಾಸ. ಊರು ಸೇರಿದ ಮೇಲೆ ಆ ಹೊದಿಕೆ ಬಿಚ್ಚದೆ ಎಸಿ ಹಾಕಿದರೆ ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ನಾವು ಹೊದಿಕೆಗೆ ಕೆಂಪು ಪಟ್ಟಿ ಹೊಲಿದು, ಅದರ ಇನ್ನೊಂದು ತುದಿಯನ್ನು ಪ್ಲಗ್‌ಗೇ ಕಟ್ಟಿದ್ದೇವೆ.

ಪ್ರಯಾಣದ ಮರುದಿನ ಎರರ್ ಕೋಡ್

ಒಳ ಯೂನಿಟ್‌ನ ಫ್ಯಾನ್ ತಿರುಗುತ್ತದೆ, ಹೊರಗಿನದು ಏಳುವುದಿಲ್ಲ, ಒಂದೆರಡು ನಿಮಿಷಕ್ಕೆ ಕೋಡ್ ಮಿನುಗುತ್ತದೆ. ಕೋಡ್ ಒಂದೊಂದು ಕಂಪನಿಯಲ್ಲಿ ಒಂದೊಂದು. ನಿಮ್ಮ ಕೈಪಿಡಿ ನೋಡಿ. ಅದರ ಅರ್ಥ "ಒಳಗಿನ ಬೋರ್ಡ್ ಮತ್ತು ಹೊರಗಿನ ಬೋರ್ಡ್ ಮಾತಾಡುತ್ತಿಲ್ಲ" ಎಂದಿದ್ದರೆ ಮುಂದೆ ಓದಿ.

ಎರಡು ಯೂನಿಟ್‌ಗಳ ನಡುವೆ ನಾಲ್ಕು ತಂತಿ ಇರುತ್ತವೆ: ಫೇಸ್, ನ್ಯೂಟ್ರಲ್, ಸಿಗ್ನಲ್, ಅರ್ಥ್. ಸಿಗ್ನಲ್ ತಂತಿ ನ್ಯೂಟ್ರಲ್ ಅನ್ನು ಆಧಾರವಾಗಿ ಇಟ್ಟುಕೊಂಡು ಮಾತಾಡುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಈ ಎರಡರ ನಡುವೆ ಹಿಡಿಯಿರಿ. ಅಂಕಿ ಮೇಲೆ ಕೆಳಗೆ ಜೀಕುತ್ತಿದ್ದರೆ ಮಾತುಕತೆ ನಡೆಯುತ್ತಿದೆ. ಒಂದೇ ಕಡೆ ನಿಂತಿದ್ದರೆ ಅಥವಾ ಸೊನ್ನೆ ಇದ್ದರೆ ಎಲ್ಲೋ ಕಡಿದಿದೆ.

ಬೋರ್ಡ್ ಬದಲಿಸುವ ಮಾತು ಆಮೇಲೆ. ಮೊದಲು ಕರೆಂಟ್ ತೆಗೆದು, ಎರಡೂ ಕಡೆಯ ಟರ್ಮಿನಲ್ ಸ್ಕ್ರೂ ಮುಟ್ಟಿ ನೋಡಿ. ಒಂದೊಂದು ತಂತಿಯನ್ನೂ ಎಳೆದು ನೋಡಿ. ನಮ್ಮಲ್ಲಿ ಸಿಗ್ನಲ್ ತಂತಿ ಜಾಗದಲ್ಲೇ ಇತ್ತು, ಎಳೆದಾಗ ಕೈಗೆ ಬಂತು. ಹಾಕಿಕೊಟ್ಟವರು ಮನೆ ಗೋಡೆಯೊಳಗೆ ಎಳೆಯುವ ಒಂಟಿ ಗಟ್ಟಿ ತಂತಿ ಬಳಸಿದ್ದರು. ಅದು ಗೋಡೆಯೊಳಗೆ ನೂರು ವರ್ಷ ಇರುತ್ತದೆ. ರಸ್ತೆಯ ನಡುಕಕ್ಕೆ ಸ್ಕ್ರೂ ಅಡಿಯಲ್ಲೇ ಮುರಿಯುತ್ತದೆ. ಹಲವು ಎಳೆಯ ಮೆತ್ತನೆ ತಂತಿ ತಂದು, ತುದಿಗೆ ಲಗ್ (ಲೋಹದ ತುದಿ) ಒತ್ತಿ ಕೂರಿಸಿದೆವು. ನಡುವೆ ಎಲ್ಲೂ ಜೋಡಣೆ ಬೇಡ, ಈ ತುದಿಯಿಂದ ಆ ತುದಿಗೆ ಒಂದೇ ಕೇಬಲ್ ಇರಲಿ. ತಂತಿ ಸರಿಯಿದ್ದೂ ಕೋಡ್ ಬಂದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆಯೇ ನೋಡಿ.

ಓಡುತ್ತದೆ, ಆದರೆ ತಂಪಿಲ್ಲ

ಈಗ ಗ್ಯಾಸ್ ವಿಷಯಕ್ಕೆ ಬರೋಣ. ಇಲ್ಲೂ ಮೊದಲು ಫಿಲ್ಟರ್ ತೆಗೆದು ತೊಳೆಯಿರಿ. ಆಮೇಲೆ ರಿಮೋಟ್‌ನಲ್ಲಿ ಅತಿ ಕಡಿಮೆ ಡಿಗ್ರಿ, ಫ್ಯಾನ್ ಜೋರು ಇಟ್ಟು 20 ನಿಮಿಷ ಓಡಿಸಿ. ಒಳ ಯೂನಿಟ್ ಮೇಲಿನಿಂದ ಎಳೆಯುವ ಗಾಳಿ, ಕೆಳಗೆ ಬಿಡುವ ಗಾಳಿ, ಎರಡರ ಉಷ್ಣತೆ ಅಳೆಯಿರಿ. 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಆಗ ತೊಂದರೆ ಬೇರೆ ಕಡೆ ಇದೆ. ಮುಂಭಾಗದ ದೊಡ್ಡ ಗಾಜಿಗೆ ಪರದೆ ಎಳೆದಿಲ್ಲ, ಅಥವಾ ಮಲಗುವ ಕೋಣೆಯ ಬಾಗಿಲು ಮುಚ್ಚಿದೆ. ಹಳೆಯ ಚಾವಣಿ ಎಸಿ ಕೊಳವೆಯ ಮೂಲಕ ಎಲ್ಲ ಕೋಣೆಗೂ ಗಾಳಿ ಕಳಿಸುತ್ತಿತ್ತು. ಮಿನಿ ಸ್ಪ್ಲಿಟ್ ತಾನಿರುವ ಕೋಣೆಯನ್ನು ಮಾತ್ರ ತಂಪು ಮಾಡುತ್ತದೆ.

ವ್ಯತ್ಯಾಸ 3-4 ಡಿಗ್ರಿ ಮಾತ್ರ ಇದ್ದರೆ ಹೊರ ಯೂನಿಟ್‌ನ ಎರಡು ತಾಮ್ರದ ಪೈಪ್ ನೋಡಿ. ತಂಪು ಮಾಡುವಾಗ ಎರಡೂ ತಣ್ಣಗಿರಬೇಕು. ಸಣ್ಣ ಪೈಪಿನ ಮೇಲೆ ಮಾತ್ರ ಹಿಮ ಕಟ್ಟಿ, ದಪ್ಪ ಪೈಪ್ ಬೆಚ್ಚಗಿದ್ದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ದೊಡ್ಡದು. ಫ್ಲೇರ್ (ಪೈಪಿನ ಅಗಲಿಸಿದ ತುದಿ) ಬಿಗಿಯುವ ನಟ್‌ಗಳ ಸುತ್ತ ಎಣ್ಣೆ ಜಿಡ್ಡು ಇದೆಯೇ ನೋಡಿ. ಗ್ಯಾಸ್ ಜೊತೆ ಎಣ್ಣೆಯೂ ಹೊರಬರುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಗೇಜ್ ಬಗ್ಗೆ ತುಂಬ ತಪ್ಪು ತಿಳಿವಳಿಕೆ ಇದೆ. ಮನೆಯ ಅಡುಗೆ ಗ್ಯಾಸ್ ಸಿಲಿಂಡರ್ ನೆನಪು ಮಾಡಿಕೊಳ್ಳಿ. ಇವತ್ತೋ ನಾಳೆಯೋ ಮುಗಿಯುವ ಸಿಲಿಂಡರ್‌ನಲ್ಲೂ ಉರಿ ಚೆನ್ನಾಗಿಯೇ ಬರುತ್ತದೆ. ಎಷ್ಟು ಉಳಿದಿದೆ ಅನ್ನುವುದು ಎತ್ತಿ ನೋಡಿದರೆ ತಾನೆ ಗೊತ್ತಾಗುವುದು? ಇಲ್ಲೂ ಹಾಗೇ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೆ, ನಿಂತ ಯಂತ್ರದ ಒತ್ತಡ ಹೊರಗಿನ ಬಿಸಿಗೆ ತಕ್ಕಂತೆ ಇರುತ್ತದೆ. ಆರ್-410ಎ ಗ್ಯಾಸ್ ಆದರೆ 24 ಡಿಗ್ರಿಯಲ್ಲಿ ಸುಮಾರು 217 ಪಿಎಸ್‌ಐ, 35 ಡಿಗ್ರಿಯಲ್ಲಿ 295ರ ಆಸುಪಾಸು. ಅಷ್ಟು ತೋರಿಸಿದರೆ ಗ್ಯಾಸ್ ಪೂರ್ತಿ ಇದೆ ಎಂದಲ್ಲ. ಅದಕ್ಕಿಂತ ತುಂಬ ಕೆಳಗಿದ್ದರೆ ಬಹುತೇಕ ಖಾಲಿ ಎಂದು ಖಚಿತ. ಓಡುವಾಗ ನೋಡಿದರೂ ಪ್ರಯೋಜನ ಕಡಿಮೆ, ಏಕೆಂದರೆ ಇನ್ವರ್ಟರ್ ಕಂಪ್ರೆಸರ್ ವೇಗ ಬದಲಿಸುತ್ತಲೇ ಇರುತ್ತದೆ. ಸರಿಯಾದ ದಾರಿ ಒಂದೇ: ಇದ್ದದ್ದನ್ನು ಪೂರ್ತಿ ಹೊರತೆಗೆದು, ಸೋರಿಕೆ ಮುಚ್ಚಿ, ಫಲಕದಲ್ಲಿ ಬರೆದ ತೂಕದಷ್ಟು ಅಳೆದು ತುಂಬುವುದು. ಅಮೆರಿಕದಲ್ಲಿ ಈ ಕೆಲಸಕ್ಕೆ ಪರಿಸರ ಇಲಾಖೆಯ 608 ಪ್ರಮಾಣಪತ್ರ ಬೇಕು. ನನ್ನ ಬಳಿ ಇಲ್ಲ, ಹಾಗಾಗಿ ಇದ್ದವರನ್ನು ಕರೆಸುತ್ತೇನೆ. ಹೊಸ ಯೂನಿಟ್‌ಗಳಲ್ಲಿ ಆರ್-32 ಅಥವಾ ಆರ್-454ಬಿ ಇರುತ್ತದೆ. ಅವು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್‌ಗಳು. ಸಣ್ಣ ಗಾಡಿಯೊಳಗೆ ಅದರ ಜೊತೆ ಪ್ರಯೋಗ ಬೇಡವೇ ಬೇಡ.

ಸೋರಿದ್ದು ಏಕೆ ಎಂದು ಹುಡುಕದೆ ತುಂಬಿಸಿದರೆ ಮುಂದಿನ ಪ್ರಯಾಣದಲ್ಲಿ ಮತ್ತೆ ಖಾಲಿ. ಹೊರ ಯೂನಿಟ್ ರಬ್ಬರ್ ಕಾಲಿನ ಮೇಲೆ ಅಲುಗುತ್ತದೆ. ಪೈಪನ್ನು ಅದರ ಪಕ್ಕದಲ್ಲೇ ಗಾಡಿಯ ಗೋಡೆಗೆ ಬಿಗಿದಿದ್ದರೆ ನಡುಕವೆಲ್ಲ ಫ್ಲೇರ್‌ನ ಕುತ್ತಿಗೆಗೆ ಬೀಳುತ್ತದೆ. ತಾಮ್ರ ಬಾಗಿ ಬಾಗಿ ಗಟ್ಟಿಯಾಗಿ ಕೊನೆಗೆ ಸೀಳುತ್ತದೆ. ಯೂನಿಟ್ ಪಕ್ಕದಲ್ಲಿ ಪೈಪಿಗೆ ಒಂದು ಪೂರ್ತಿ ಸುತ್ತು ಕೊಡಿ. ಆ ಸುತ್ತು ನಡುಕ ನುಂಗುತ್ತದೆ. ಅದರ ಆಚೆಗೆ ಮಾತ್ರ ರಬ್ಬರ್ ಹಾಕಿದ ಕ್ಲಾಂಪ್. ಫ್ಲೇರ್ ಹೊಸದಾಗಿ ಮಾಡಿಸಿ. ನಟ್ಟನ್ನು ಕೈ ಅಂದಾಜಿನಲ್ಲಿ ಬಿಗಿಯದೆ ಟಾರ್ಕ್ ಸ್ಪ್ಯಾನರ್ (ಬಿಗಿತ ಅಳೆಯುವ ಸ್ಪ್ಯಾನರ್) ಬಳಸಲು ಹೇಳಿ. ಕಾಲು ಇಂಚಿನದಕ್ಕೆ ಸುಮಾರು 14ರಿಂದ 18 ನ್ಯೂಟನ್ ಮೀಟರ್, 3/8 ಇಂಚಿನದಕ್ಕೆ 33ರಿಂದ 42. ಒಣ ನೈಟ್ರೋಜನ್ ತುಂಬಿ ಸೋರಿಕೆ ಪರೀಕ್ಷೆ ಆಗಬೇಕು. ಆಮೇಲೆ 500 ಮೈಕ್ರಾನ್‌ಗಿಂತ ಕೆಳಗೆ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿದ ಮೇಲೂ ಅಂಕಿ ಏರದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಪಕ್ಕದಲ್ಲಿ ನಿಂತು ನೋಡಿ, ಅವಸರ ಮಾಡಬೇಡಿ.

ಹಾಸಿಗೆ ಮೇಲೆ ನೀರು

ಚಾವಣಿ ಎಸಿಯ ನೀರು ಚಾವಣಿ ಮೇಲೇ ಹರಿದು ಹೋಗುತ್ತಿತ್ತು. ಮಿನಿ ಸ್ಪ್ಲಿಟ್‌ನ ನೀರು ಒಳಗಿನ ತಟ್ಟೆಯಲ್ಲಿ ಕೂಡಿ, ಪೈಪಿನಲ್ಲಿ ಇಳಿಜಾರಿನ ಮೇಲೆ ಹೊರಗೆ ಹೋಗಬೇಕು. ಗಾಡಿ ಪೈಪಿನ ವಿರುದ್ಧ ಕಡೆಗೆ ವಾಲಿ ನಿಂತರೆ ನೀರು ಒಳಗೇ ಚೆಲ್ಲುತ್ತದೆ. ರಸಮಟ್ಟವನ್ನು ಗಾಡಿಯ ನೆಲದ ಮೇಲಿಟ್ಟು ನೋಡಿ, ಮಟ್ಟ ಮಾಡಿ. ಗಾಡಿ ಮಟ್ಟವಾಗಿದ್ದೂ ಚೆಲ್ಲಿದರೆ ಒಳ ಯೂನಿಟ್ ಕೂರಿಸಿದ ದಿನ ಗಾಡಿ ವಾಲಿತ್ತು ಎಂದರ್ಥ. ಯೂನಿಟ್ ಭೂಮಿಗೆ ಮಟ್ಟ ಆಗಿದೆ, ಗಾಡಿಯ ನೆಲಕ್ಕೆ ಮಟ್ಟ ಆಗಿಲ್ಲ. ಬಿಚ್ಚಿ ಮತ್ತೆ ಕೂರಿಸಬೇಕು.

ಫಿಲ್ಟರ್ ತೆಗೆದು ತಟ್ಟೆಗೆ ಅರ್ಧ ಲೀಟರ್ ನೀರು ಮೆಲ್ಲಗೆ ಸುರಿಯಿರಿ. ಹೊರಗೆ ಸಲೀಸಾಗಿ ಬರಬೇಕು. ಬರದಿದ್ದರೆ ಪೈಪಿನ ತುದಿ ನೋಡಿ. ಇಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಆ ತೂತು ಬಹಳ ಇಷ್ಟ. ಸಣ್ಣ ಜಾಲರಿ ಕಟ್ಟಿದರೆ ಸಾಕು.

ಒಂದು ವಿಚಿತ್ರ ದೋಷ ನಮ್ಮನ್ನು ಒಂದು ತಿಂಗಳು ಕಾಡಿತು. ರಾತ್ರಿ ಒಳ ಯೂನಿಟ್‌ನಿಂದ ಗುಳು ಗುಳು ಸದ್ದು, ಬೆಳಗ್ಗೆ ಗೋಡೆ ಒದ್ದೆ. ಪೈಪ್ ಸರಿ ಇತ್ತು, ಮಟ್ಟ ಸರಿ ಇತ್ತು. ಹಳೆಯ ಎಸಿ ತೆಗೆದ 14 ಇಂಚಿನ ಚೌಕ ತೂತಿಗೆ ನಾವು ಗಾಳಿ ಹೊರಹಾಕುವ ಫ್ಯಾನ್ ಕೂರಿಸಿದ್ದೆವು. ಅಡುಗೆ ವಾಸನೆ ಹೋಗಲೆಂದು ಅದನ್ನು ಹಾಕಿ, ಕಿಟಕಿ ಎಲ್ಲ ಮುಚ್ಚಿ ಮಲಗುತ್ತಿದ್ದೆವು. ಫ್ಯಾನ್‌ಗೆ ಗಾಳಿ ಬೇಕಲ್ವಾ? ಅದು ಎಸಿಯ ನೀರಿನ ಪೈಪಿನಿಂದಲೇ ಎಳೆಯುತ್ತಿತ್ತು. ಒಳಬರುವ ಗಾಳಿ ನೀರನ್ನು ತಡೆದು ಗುಳುಗುಟ್ಟಿಸುತ್ತಿತ್ತು. ಒಂದು ಕಿಟಕಿ ಎರಡು ಇಂಚು ತೆರೆದ ಕೂಡಲೇ ಸದ್ದು ನಿಂತಿತು.

ಚಳಿಗಾಲದಲ್ಲಿ

ಚಾವಣಿ ಎಸಿ ತೆಗೆದ ಮೇಲೆ ಗ್ಯಾಸ್ ಫರ್ನೇಸ್ (ಗಾಡಿಯನ್ನು ಬೆಚ್ಚಗಿಡುವ ಒಲೆ) ಹೊತ್ತುವುದೇ ಇಲ್ಲವೇ? ಹಲವು ಗಾಡಿಗಳಲ್ಲಿ ಗೋಡೆಯ ಥರ್ಮೋಸ್ಟಾಟ್ ಫರ್ನೇಸ್‌ಗೆ ನೇರವಾಗಿ ಹೇಳುವುದಿಲ್ಲ. ಚಾವಣಿ ಎಸಿಯೊಳಗಿನ ಬೋರ್ಡಿನ ಮೂಲಕ ಹೇಳುತ್ತದೆ. ಎಸಿ ಜೊತೆ ಆ ಬೋರ್ಡನ್ನೂ ಎಸೆದರೆ ಫರ್ನೇಸ್‌ಗೆ ಹೇಳುವವರೇ ಇಲ್ಲ. ಫರ್ನೇಸ್‌ನಿಂದ ಬರುವ ಎರಡು ಥರ್ಮೋಸ್ಟಾಟ್ ತಂತಿಗಳನ್ನು ಒಂದು ಕ್ಷಣ ಜೋಡಿಸಿ. ಹೊತ್ತಿದರೆ ಫರ್ನೇಸ್ ಚೆನ್ನಾಗಿದೆ. ಅದಕ್ಕೆ ಸಾದಾ ಎರಡು ತಂತಿಯ ಥರ್ಮೋಸ್ಟಾಟ್ ಬೇರೆ ಹಾಕಿ.

ಬಿಸಿ ಮಾಡುವಾಗ ನಡುನಡುವೆ ಒಳ ಫ್ಯಾನ್ ನಿಂತು, ಹೊರ ಯೂನಿಟ್‌ನಿಂದ ಹಬೆ ಎದ್ದು ನೀರು ಸುರಿದರೆ ಹೆದರಬೇಡಿ. ಹೊರಗೆ ಕಟ್ಟಿದ ಹಿಮವನ್ನು ಅದು ತಾನೇ ಕರಗಿಸಿಕೊಳ್ಳುತ್ತಿದೆ. ಕೆಲವು ನಿಮಿಷದಲ್ಲಿ ಮತ್ತೆ ಬಿಸಿಗಾಳಿ ಬರುತ್ತದೆ. ಹಿಮ ಕರಗದೆ ಗಟ್ಟಿ ಮಂಜುಗಡ್ಡೆಯಾದರೆ ಮಾತ್ರ ದೋಷ.

ಕೊರೆಯುವ ಚಳಿಯಲ್ಲಿ ಗಾಡಿಯೊಳಗೆ ಬೆಚ್ಚಗಿದ್ದೂ ನಲ್ಲಿಯಲ್ಲಿ ನೀರು ನಿಂತರೆ ಪೈಪ್ ಹೆಪ್ಪುಗಟ್ಟಿದೆ. ಬಹಳಷ್ಟು ಗಾಡಿಗಳಲ್ಲಿ ಫರ್ನೇಸ್‌ನ ಬಿಸಿಗಾಳಿಯ ಒಂದು ಪಾಲು ಕೆಳಗಿನ ನೀರಿನ ಟ್ಯಾಂಕ್ ಕಡೆಗೂ ಹೋಗುತ್ತದೆ. ಮಿನಿ ಸ್ಪ್ಲಿಟ್ ಅಲ್ಲಿಗೆ ಏನೂ ಕಳಿಸುವುದಿಲ್ಲ. ಹೊರಗೆ ಸೊನ್ನೆಗಿಂತ ಕೆಳಗೆ ಇಳಿಯುವ ರಾತ್ರಿ ನಾವು ಫರ್ನೇಸನ್ನೂ ಹಾಕುತ್ತೇವೆ.

ಕೊನೆಗೊಂದು ಕೆಲಸ, ಎಸಿ ಚೆನ್ನಾಗಿರುವಾಗಲೇ ಮಾಡಿಡಿ. ಹೊರಗಿನ ಉಷ್ಣತೆ, ಎಸಿ ಬಾಯಿಯ ವೋಲ್ಟೇಜ್, ಎಳೆಯುವ ಆಂಪ್, ಒಳ ಗಾಳಿಯ ವ್ಯತ್ಯಾಸ, ಇಷ್ಟನ್ನು ಬರೆದು ಬ್ರೇಕರ್ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿ. ನಮ್ಮದರಲ್ಲಿ ಹೀಗಿದೆ: ಹೊರಗೆ 38 ಡಿಗ್ರಿ, 117 ವೋಲ್ಟ್, ಪೂರ್ತಿ ವೇಗದಲ್ಲಿ 9.5 ಆಂಪ್, ತಣ್ಣಗಾದ ಮೇಲೆ 3.5 ಆಂಪ್, ವ್ಯತ್ಯಾಸ 11 ಡಿಗ್ರಿ.